ಮಕ್ಕಳ ಶಿಬಿರ: ಆಟ ಬಂದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ವಿದೇಶದ ಮಕ್ಕಳ ಕ್ರೀಡಾ ಶಿಬಿರಗಳಿಗೆ ಸ್ವಯಂಸೇವಕ ಕೋಚ್ ಆಗಿ ಹೋಗುವ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಅವುಗಳಲ್ಲಿ ಊರು ಸುತ್ತುವ ಮಾತು ಹೆಚ್ಚು, ಮೈದಾನದ ಮಾತು ಕಡಿಮೆ. ಹೊರಡಲು ಅಣಿಯಾಗುತ್ತಿರುವ ಯುವಕ ಯುವತಿಯರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು.

ಸಂಬಳ ಪಡೆಯುವುದಿಲ್ಲವಾದ್ದರಿಂದ ಪ್ರವಾಸಿ ವೀಸಾ ಸಾಕು ಎಂದು ಬಹಳ ಜನ ನಂಬಿದ್ದಾರೆ. ಕಾನೂನು ಹಾಗಿಲ್ಲ. ಅಮೆರಿಕದಲ್ಲಿ ಶಿಬಿರದ ಕೌನ್ಸೆಲರ್‌ಗಳಿಗೆಂದೇ, ಅಂದರೆ ಮಕ್ಕಳನ್ನು ನೋಡಿಕೊಂಡು ಆಡಿಸುವವರಿಗೆಂದೇ, ಜೆ-1 ಎಂಬ ವಿನಿಮಯ ವೀಸಾದ ಒಂದು ವಿಭಾಗವಿದೆ. 18 ವರ್ಷ ತುಂಬಿರಬೇಕು, ಗರಿಷ್ಠ ಅವಧಿ ನಾಲ್ಕು ತಿಂಗಳು, ಮಾನ್ಯತೆ ಪಡೆದ ಪ್ರಾಯೋಜಕ ಸಂಸ್ಥೆಯ ಮೂಲಕವೇ ಹೋಗಬೇಕು. ಬ್ರಿಟನ್ನಿನಲ್ಲಿ ಸಂದರ್ಶಕ ವೀಸಾದ ಮೇಲೆ ಸ್ವಯಂಸೇವೆ ಮಾಡಬಹುದು. ಆದರೆ ಒಟ್ಟು 30 ದಿನ ಮೀರುವಂತಿಲ್ಲ, ಅದೂ ನೋಂದಾಯಿತ ದತ್ತಿ ಸಂಸ್ಥೆಗೆ ಮಾತ್ರ. ಲಾಭಕ್ಕೆಂದು ನಡೆಸುವ ಅಕಾಡೆಮಿಯ ಶಿಬಿರಕ್ಕೆ ಈ ಅವಕಾಶ ಅನ್ವಯಿಸದು. ಆಹ್ವಾನ ಬಂತೆಂದು ಟಿಕೆಟ್ ಮಾಡಿಸುವ ಮೊದಲು ಯಾವ ವೀಸಾ ಬೇಕೆಂದು ಲಿಖಿತವಾಗಿ ಕೇಳಿ ಪಡೆಯಿರಿ.

ನಂತರ, ಅಪರಾಧದ ದಾಖಲೆ ಇಲ್ಲವೆಂಬ ಪೊಲೀಸ್ ಪ್ರಮಾಣಪತ್ರ ಮತ್ತು ಪರಿಚಯ ಹೇಳಬಲ್ಲ ಇಬ್ಬರ ವಿವರ. ಇವನ್ನು ಕೇಳಿದರೆ ಬೇಸರಪಡಬೇಡಿ. ಏನೂ ಕೇಳದೆ ‘ಬನ್ನಿ’ ಎನ್ನುವ ಶಿಬಿರಕ್ಕೆ ಮಾತ್ರ ಹೋಗಲೇಬೇಡಿ. ನಿಮ್ಮನ್ನು ವಿಚಾರಿಸದವರು ಅಲ್ಲಿರುವ ಉಳಿದವರನ್ನೂ ವಿಚಾರಿಸಿರುವುದಿಲ್ಲ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಾಗಲಿ ವಾಹನದಲ್ಲಾಗಲಿ ಒಬ್ಬರೇ ಇರಬಾರದು. ಖಾಸಗಿಯಾಗಿ ಮೆಸೇಜ್ ಮಾಡಬಾರದು. ಪೋಷಕರ ಒಪ್ಪಿಗೆ ಇಲ್ಲದೆ ಫೋಟೊ ಹಾಕಬಾರದು. ಮಗು ಏನಾದರೂ ಸಂಕಟ ಹೇಳಿಕೊಂಡರೆ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಕೇಳಿಸಿಕೊಂಡು, ಮಗು ಆಡಿದ ಮಾತುಗಳಲ್ಲೇ ಬರೆದಿಟ್ಟು, ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ ಅದೇ ದಿನ ತಿಳಿಸಿ. ತನಿಖೆ ನಿಮ್ಮ ಕೆಲಸವಲ್ಲ.

ಇನ್ನು ಮೈದಾನ. ಒಳ್ಳೆಯ ಆಟಗಾರರೂ ಇಲ್ಲಿ ಎಡವುವುದು ಸಾಲು ಕಟ್ಟಿಸುವುದರಲ್ಲಿ. 16 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ 15 ಸೆಕೆಂಡು ಕೊಟ್ಟರೆ, 20 ನಿಮಿಷದಲ್ಲಿ ಪ್ರತಿ ಮಗುವಿಗೆ ಸಿಗುವುದು ಐದೇ ಸರದಿ. ಅಂದರೆ ಆಟ ಒಂದೂಕಾಲು ನಿಮಿಷ, ಉಳಿದದ್ದೆಲ್ಲ ಕಾಯುವುದು. ಕಾಯುವ ಮಕ್ಕಳು ತಳ್ಳಾಡುತ್ತಾರೆ, ಕೋಚ್ ಗದರುತ್ತಾರೆ, ಭಾಷೆ ಬರದಿದ್ದುದೇ ಕಾರಣ ಎಂದುಕೊಳ್ಳುತ್ತಾರೆ! ಫುಟ್‌ಬಾಲ್ ಆದರೆ ಅದೇ 16 ಮಕ್ಕಳಿಗೆ ಸುಮಾರು 25 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಕಣ ಹಾಕಿ, ನಾಲ್ವರ ಎದುರು ನಾಲ್ವರನ್ನು ಬಿಡಿ. ಅಂಕಣದ ಗುರುತಿಗೆ ಇಡುವ ಕೋನ್‌ಗಳನ್ನು ಮಕ್ಕಳು ಬರುವ ಮೊದಲೇ ಇಟ್ಟಿರಿ. ಹೊಸ ಆಟವನ್ನು ವಿವರಿಸುವ ಬದಲು ಇಬ್ಬರು ಮಕ್ಕಳಿಂದ ಒಮ್ಮೆ ಆಡಿಸಿ ತೋರಿಸಿ. ‘ನಿಲ್ಲಿ’ ಎಂಬುದಕ್ಕೆ ಒಂದೇ ಸನ್ನೆ ಇರಲಿ, ಅದನ್ನು ಮೊದಲ ದಿನವೇ ಆಟವಾಗಿ ಕಲಿಸಿ.

ಚೆಂಡು ವಯಸ್ಸಿಗೆ ತಕ್ಕಂತಿರಬೇಕು. ಫುಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಎಂಟರೊಳಗಿನವರಿಗೆ 3ನೇ ಅಳತೆ, 8ರಿಂದ 12ರವರಿಗೆ 4, ಅನಂತರ 5. ಟೆನಿಸ್‌ನಲ್ಲಿ ಪುಟಾಣಿಗಳಿಗೆ ಕಡಿಮೆ ಪುಟಿಯುವ ಕೆಂಪು ಚೆಂಡು, 11 ಮೀಟರ್ ಅಂಕಣ. ಆಮೇಲೆ ಕಿತ್ತಳೆ ಚೆಂಡು, 18 ಮೀಟರ್. ಮಾಮೂಲು ಹಳದಿ ಚೆಂಡು ಚಿಕ್ಕವರ ತಲೆಗಿಂತ ಎತ್ತರಕ್ಕೆ ಪುಟಿಯುತ್ತದೆ, ಹೊಡೆತದ ರೀತಿಯೇ ಕೆಡುತ್ತದೆ.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಫುಟ್‌ಬಾಲ್ ಒಕ್ಕೂಟ 2015ರಲ್ಲೇ 10 ವರ್ಷ ಮತ್ತು ಅದರ ಕೆಳಗಿನವರಿಗೆ ಚೆಂಡನ್ನು ತಲೆಯಿಂದ ಹೊಡೆಯುವುದನ್ನು ನಿಲ್ಲಿಸಿತು. ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲಾ ವಯಸ್ಸಿನವರ ಅಭ್ಯಾಸದಿಂದ ಅದನ್ನು ಕೈಬಿಟ್ಟಿತು. ನಿಮಗೆ ರೂಢಿಯಾದ ಡ್ರಿಲ್ ಅಲ್ಲಿ ನಿಷಿದ್ಧವಿರಬಹುದು. ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ವಾಂತಿ ಬಂದರೆ, ತಲೆ ತಿರುಗುತ್ತದೆ ಎಂದರೆ ಆ ದಿನ ಆಟ ಮುಗಿಯಿತು. ‘ಈಗ ಸರಿಯಾಗಿದ್ದೇನೆ’ ಎಂದರೂ ಬಿಡಬೇಡಿ. ಗುಡುಗು ಕೇಳಿದೊಡನೆ ಎಲ್ಲರನ್ನೂ ಒಳಗೆ ಕರೆದೊಯ್ಯಿರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬಿಡಬೇಡಿ.

ಅಲರ್ಜಿ, ಆಸ್ತಮಾ ಇರುವ ಮಕ್ಕಳ ಪಟ್ಟಿ ಕಚೇರಿಯ ಕಡತದಲ್ಲಿದ್ದರೆ ಪ್ರಯೋಜನವಿಲ್ಲ. ಅದರ ಪ್ರತಿ, ಇನ್‌ಹೇಲರ್, ತೀವ್ರ ಅಲರ್ಜಿಗೆ ತಕ್ಷಣ ಚುಚ್ಚುವ ಅಡ್ರಿನಾಲಿನ್ ಪೆನ್ ಮೂರೂ ಮೈದಾನದ ಅಂಚಿನ ಚೀಲದಲ್ಲಿರಬೇಕು. ಪೆನ್ ಚುಚ್ಚುವುದು ತೊಡೆಯ ಹೊರಬದಿಗೆ. ಕೊಟ್ಟ ಕೂಡಲೇ ಆಂಬ್ಯುಲೆನ್ಸ್ ಕರೆಯಬೇಕು. ಯಾರು ಚುಚ್ಚಬಹುದು ಎಂಬುದನ್ನು ಶಿಬಿರ ಆರಂಭವಾಗುವ ಮುನ್ನವೇ ಕೇಳಿಕೊಳ್ಳಿ. ಎತ್ತಿಡುವಂಥ ಗೋಲುಕಂಬಗಳು ನೆಲಕ್ಕೆ ಭದ್ರವಾಗಿವೆಯೇ ಎಂದು ದಿನವೂ ಕೈಯಾರೆ ಅಲುಗಾಡಿಸಿ ನೋಡಿ. ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದು, ಕಂಬ ಮೈಮೇಲೆ ಮಗುಚಿ ಸತ್ತ ಪ್ರಕರಣಗಳಿವೆ. ಭದ್ರವಿಲ್ಲದಿದ್ದರೆ ಆ ದಿನ ಎರಡು ಕೋನ್ ಇಟ್ಟು ಆಡಿಸಿ.

ಇತಿ,
ಮಕ್ಕಳ ಕ್ರೀಡಾ ತರಬೇತುದಾರರು