ಸಾಗು: ಅಳತೆಯ ಜತೆ ಹೊತ್ತನ್ನೂ ಬರೆಯಿರಿ

ಮಾನ್ಯರೇ,

ಪತ್ರಿಕೆಗಳ ಅಡುಗೆ ಅಂಕಣಗಳಲ್ಲಿ ತರಕಾರಿ ಸಾಗು ಆಗಾಗ ಬರುತ್ತದೆ. ಸಾಮಗ್ರಿಗಳ ಪಟ್ಟಿ ಅಚ್ಚುಕಟ್ಟಾಗಿರುತ್ತದೆ. ವಿಧಾನ ಮಾತ್ರ ‘ತರಕಾರಿ ಬೇಯಿಸಿ, ರುಬ್ಬಿದ ಮಸಾಲೆ ಹಾಕಿ ಕುದಿಸಿ’ ಎನ್ನುವಲ್ಲಿಗೆ ಮುಗಿಯುತ್ತದೆ. ಹೊಸದಾಗಿ ಒಲೆ ಮುಂದೆ ನಿಂತವರು ಎಡವುವುದು ಅಲ್ಲೇ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ಎಂಬುದನ್ನೂ ದಯವಿಟ್ಟು ಅಚ್ಚು ಹಾಕಿ.

ನಾಲ್ಕು ಜನರ ರಾತ್ರಿ ಊಟಕ್ಕೆ, ಚಪಾತಿ ಜತೆಗೆ, 100 ಗ್ರಾಂ ಹುರುಳಿಕಾಯಿ, ಒಂದು ಕ್ಯಾರೆಟ್, ಒಂದು ಎಳೆ ನವಿಲುಕೋಸು, ಎರಡು ಆಲೂಗಡ್ಡೆ, ಅರ್ಧ ಬಟ್ಟಲು ಹಸಿ ಬಟಾಣಿ ಸಾಕು. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದು 3 ವಿಶಲ್ ಕೂಗಿಸಿದರೆ ಆಲೂಗಡ್ಡೆ ಕರಗಿ ಗಂಜಿಯಾಗುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೂವರೆ ಲೋಟ ನೀರು ಕುದಿಸಿ, ಉಪ್ಪು ಹಾಕಿ, ಆಲೂಗಡ್ಡೆ ಬಿಟ್ಟು ಉಳಿದದ್ದನ್ನು ಮೊದಲು ಬೇಯಿಸಬೇಕು. 5 ನಿಮಿಷದ ಮೇಲೆ ಆಲೂಗಡ್ಡೆ. ಅಲ್ಲಿಂದ ಇನ್ನು 8-10 ನಿಮಿಷ. ಟೊಮೆಟೊ ಬೇಕೆನ್ನುವವರು ಇವೆಲ್ಲ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ, ಹುರುಳಿಕಾಯಿಯ ಹಸಿರೂ ಮಾಸುತ್ತದೆ.

ಅಷ್ಟರಲ್ಲಿ ಮಸಾಲೆ: ಅರ್ಧ ಬಟ್ಟಲು ಕಾಯಿತುರಿ, 4 ಹಸಿಮೆಣಸಿನಕಾಯಿ, 1 ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಅರ್ಧ ಇಂಚು ಶುಂಠಿ, ಸಣ್ಣ ಚೂರು ಚಕ್ಕೆ, 2 ಲವಂಗ, ಹಿಡಿ ಕೊತ್ತಂಬರಿ ಸೊಪ್ಪು, 1 ಚಮಚ ಗಸಗಸೆ, 2 ಚಮಚ ಹುರಿಗಡಲೆ. ಗಸಗಸೆಯನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸದಿದ್ದರೆ ಮಿಕ್ಸಿಯಲ್ಲಿ ನುಣ್ಣಗಾಗದು. ಹುರಿಗಡಲೆ, ಧನಿಯಾ, ಚಕ್ಕೆ, ಲವಂಗವನ್ನು ಮೊದಲು ಒಣದಾಗಿ ಪುಡಿ ಮಾಡಿಕೊಂಡು ಆಮೇಲೆ ಕಾಯಿ ಸೇರಿಸಿ ರುಬ್ಬುವುದು ಒಳ್ಳೆಯದು.

ಹೆಚ್ಚಿನವರು ಸೋಲುವುದು ಹುರಿಗಡಲೆಯ ವಿಷಯದಲ್ಲಿ. ಸಾಗು ಮಂದವಾಗುವುದು ಅದರಿಂದಲೇ, ಆದರೆ ಅದರ ಪೂರ್ತಿ ಗುಣ ಗೊತ್ತಾಗುವುದು ಆರುವಾಗ. ಒಲೆಯ ಮೇಲೆ ನೀರಾಗಿ ಕಂಡಿತೆಂದು ಇನ್ನೊಂದು ಚಮಚವನ್ನೋ ಕಾರ್ನ್‌ಫ್ಲೋರನ್ನೋ ಹಾಕಿದರೆ, ತಟ್ಟೆಗೆ ಬಡಿಸುವ ಹೊತ್ತಿಗೆ ಅದು ಮುದ್ದೆ. ಸೌಟಿನಿಂದ ಸಲೀಸಾಗಿ ಸುರಿಯುವಂತಿರುವಾಗಲೇ ಇಳಿಸಿಬಿಡಬೇಕು. ಮಸಾಲೆ ಬಿದ್ದ ಮೇಲೆ ಉರಿ ಸಣ್ಣ, 5-6 ನಿಮಿಷ, ಹಸಿ ವಾಸನೆ ಹೋಗುವವರೆಗೆ. ಹುರಿಗಡಲೆ ಅಡಿಗೆ ಇಳಿದು ತಳ ಹಿಡಿಯುವುದರಿಂದ ಸೌಟನ್ನು ತಳಕ್ಕೆ ತಾಗಿಸಿ ತಿರುವುತ್ತಿರಬೇಕು. ಉರಿ ಜೋರಾದರೆ ಕಾಯಿ ಒಡೆದು ಎಣ್ಣೆ ಬಿಡುತ್ತದೆ. ಗಟ್ಟಿಯಾಗಿದ್ದರೆ ಬಿಸಿನೀರು ಬೆರೆಸಿ ಒಂದು ಕುದಿ ಬರಿಸಿದರಾಯಿತು. ಕೊನೆಗೆ ಸಾಸಿವೆ, ಕರಿಬೇವಿನ ಒಗ್ಗರಣೆ.

ಇನ್ನೊಂದು ಮಾತು. ಉಪ್ಪು ಹೆಚ್ಚಾದರೆ ಹಸಿ ಆಲೂಗಡ್ಡೆ ಹಾಕಿ, ಹೀರಿಕೊಳ್ಳುತ್ತದೆ ಎಂಬ ಸಲಹೆಯನ್ನು ಇನ್ನಾದರೂ ಕೈಬಿಡಿ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು. ಉಳಿದ ಸಾರದ ಉಪ್ಪು ಹಾಗೇ ಇರುತ್ತದೆ. ಎರಡು ಚಮಚ ಕಾಯಿ ರುಬ್ಬಿ ನೀರಿನೊಂದಿಗೆ ಸೇರಿಸುವುದೇ ಸರಿಯಾದ ಉಪಾಯ. ಕಾಯಿ ಹಾಕಿದ ಸಾಗುವನ್ನು ರಾತ್ರಿಯಿಡೀ ಹೊರಗಿಟ್ಟರೆ ಬೆಳಿಗ್ಗೆಗೆ ಹಳಸುತ್ತದೆ, ಆರಿದ ಕೂಡಲೇ ಫ್ರಿಜ್ಜಿಗಿಡಿ ಎಂದೂ ಒಂದು ಸಾಲು ಬೇಕು.

ಇಷ್ಟಕ್ಕೆ ಜಾಗ ಸಾಲದಿದ್ದರೆ ಸಾಗುವಿನ ಫೋಟೊವನ್ನು ತುಸು ಚಿಕ್ಕದು ಮಾಡಿ.

– ಅಡುಗೆ ಅಂಕಣದ ಓದುಗರು, ಮೈಸೂರು