ಆ 8.7 ಅನ್ನು ಅಳಿಸಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಕೊನೇ ಸಾಲು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ‘ಅಸಿಟಿಕ್ ಆಮ್ಲದ ಟೈಟ್ರೇಶನ್‌ನಲ್ಲಿ ಆಮ್ಲ ಮುಗಿದ ಹಂತದಲ್ಲಿ ಎಲ್ಲರಿಗೂ ಪಿಎಚ್ 7 ಬಂತು, ನನಗೆ ಮಾತ್ರ 8.7. ಕೆಮಿಸ್ಟ್ರಿ ನನಗೆ ಬರಲ್ಲ ಅನ್ಸುತ್ತೆ. 7 ಅಂತಲೇ ಬರೆದುಬಿಡ್ಲಾ?’

ಬೇಡ ಕಣೇ. ನಿನ್ನದೇ ಸರಿ. ಟೈಟ್ರೇಶನ್ ಅಂದರೆ ಆಮ್ಲಕ್ಕೆ ಸ್ವಲ್ಪ ಸ್ವಲ್ಪವೇ ಕ್ಷಾರ ಬಿಡುತ್ತಾ ಅದು ಮುಗಿಯುವ ಹಂತ ಹಿಡಿಯುವುದು ತಾನೇ? ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ಆ ಹಂತದಲ್ಲಿ ಸರಿಯಾಗಿ 7 ಬರುವುದು ಹೈಡ್ರೋಕ್ಲೋರಿಕ್‌ನಂಥ ಪ್ರಬಲ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಎಂಬ ಕ್ಷಾರ ಬಿಟ್ಟಾಗ. ಅಸಿಟಿಕ್ ದುರ್ಬಲ ಆಮ್ಲ. ಅದು ಪೂರ್ತಿ ಮುಗಿದಾಗ ಫ್ಲಾಸ್ಕಿನಲ್ಲಿ ಸೋಡಿಯಂ ಅಸಿಟೇಟ್ ಇರುತ್ತದೆ. ಆ ಅಸಿಟೇಟ್ ನೀರಿನಿಂದ ಒಂದಿಷ್ಟು ಹೈಡ್ರೋಜನ್ ಅಯಾನು ಎಳೆದುಕೊಳ್ಳುತ್ತದೆ, ದ್ರಾವಣ ಕ್ಷಾರದ ಕಡೆ ವಾಲುತ್ತದೆ. ಆಮ್ಲ, ಕ್ಷಾರ ಎರಡೂ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಆಗಿದ್ದರೆ ಲೆಕ್ಕಕ್ಕೆ 8.72 ಬರುತ್ತದೆ. 7 ಇರುವಾಗ ಇನ್ನೂ ಸ್ವಲ್ಪ ಆಮ್ಲ ಉಳಿದೇ ಇರುತ್ತದೆ, ಅಲ್ವಾ? ನಿನ್ನ ಕರ್ವ್, ಅಂದರೆ ಕ್ಷಾರ ಬಿಟ್ಟಂತೆ ಪಿಎಚ್ ಏರುವ ಗೆರೆ, ಶುರುವಾದದ್ದು 2.9ರಿಂದ ಅಂತ ಬರೆದಿದ್ದೀಯ. ಅದೂ ಸರಿ. ಹೈಡ್ರೋಕ್ಲೋರಿಕ್ ಆಗಿದ್ದರೆ 1ರಿಂದ ಶುರುವಾಗುತ್ತಿತ್ತು.

ನಮ್ಮ ಕಾಲದಲ್ಲಿ ಪಿಎಚ್ ಮೀಟರ್ ಬೀರುವಿನೊಳಗೆ ಬೀಗದಲ್ಲಿತ್ತು. ನಾವು ಕಂಡದ್ದು ಬಣ್ಣ ತಿರುಗಿ ಹಂತ ತೋರಿಸುವ ಫಿನಾಲ್ಫ್ಥಲೀನ್ ಸೂಚಕದ ತಿಳಿ ಗುಲಾಬಿ ಮಾತ್ರ. ಅದು ಬಣ್ಣ ತಿರುಗುವುದೇ 8.2 ದಾಟಿದ ಮೇಲೆ, ಅದಕ್ಕೇ ಈ ಆಮ್ಲಕ್ಕೆ ಅದನ್ನು ಕೊಡುತ್ತಿದ್ದರು. ಮೀಥೈಲ್ ಆರೆಂಜ್ ಅನ್ನೋ ಇನ್ನೊಂದು ಸೂಚಕ ಹಾಕಿದರೆ ಬೇಕಾದ ಕ್ಷಾರದ ಮೂರನೇ ಒಂದು ಪಾಲೂ ಹೋಗಿರುವುದಿಲ್ಲ, ಆಗಲೇ ಹಳದಿಯಾಗಿಬಿಡುತ್ತದೆ. ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಒಂದು ಕರ್ವ್ ಕಣ್ಣಿಗೆ ಬಿದ್ದಿದ್ದರೆ ಎಂಎಸ್ಸಿಗೆ ಹಟ ಹಿಡಿಯುತ್ತಿದ್ದೆನೋ ಏನೋ. ಮದುವೆ ಗೊತ್ತಾಯಿತು, ಓದು ಅಲ್ಲಿಗೇ ನಿಂತಿತು. ಈಗಲೂ ನೆನೆಸಿಕೊಂಡರೆ ಸಂಕಟವಾಗುತ್ತದೆ. ಹಾಗಾಗಿಯೇ ‘ನನಗೆ ಬರಲ್ಲ’ ಅನ್ನೋ ನಿನ್ನ ಮಾತು ಇಷ್ಟು ಚುಚ್ಚಿತು. ಸರಿಯಾಗಿ ಮಾಡಿದವಳೇ ಹೀಗೆ ಅಂದುಕೊಂಡರೆ ಹೇಗೆ?

ನಿಮ್ಮ ಮೇಷ್ಟ್ರು ಹೇಳಿರುತ್ತಾರೆ, ಆದರೂ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ಕರ್ವ್ ಕಡಿದಾಗಿ ಏರುವ ಕಡೆ ಒಂದು ಸಲಕ್ಕೆ 0.1 ಮಿಲೀ ಮಾತ್ರ ಬಿಡು. ಆಮೇಲೆ, 25 ಮಿಲೀ ಕ್ಷಾರಕ್ಕೆ ಆಮ್ಲ ಮುಗಿದಿದ್ದರೆ ಅದರ ಅರ್ಧ, 12.5ರ ಹತ್ತಿರ ಪಿಎಚ್ ಎಷ್ಟಿದೆ ನೋಡು. ಅಲ್ಲಿ ಕರ್ವ್ ಸುಮಾರಾಗಿ ಮಟ್ಟಸವಾಗಿರುತ್ತದೆ, 4.76ರ ಆಸುಪಾಸು ಇರಬೇಕು. ಅಸಿಟಿಕ್ ಆಮ್ಲದ ಪಿಕೆಎ, ಅಂದರೆ ಆಮ್ಲ ಎಷ್ಟು ಪ್ರಬಲ ಅಂತ ತೋರಿಸುವ ಸಂಖ್ಯೆ, ಅದೇ. ಅದು ಕೂತರೆ ನಿನ್ನ 8.7 ಬಗ್ಗೆ ಅನುಮಾನವೇ ಬೇಡ. ಕೂರದಿದ್ದರೆ ಎಲೆಕ್ಟ್ರೋಡ್ ತೊಳೆದು 4, 7, 9.2ರ ಬಫರ್‌ಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ) ಮೀಟರ್ ಸರಿ ಮಾಡ್ಕೋ. ಅಷ್ಟಕ್ಕೇ ಕೆಮಿಸ್ಟ್ರಿ ಬರಲ್ಲ ಅಂತ ಆಗುವುದಿಲ್ಲ.

ರೆಕಾರ್ಡಿನಲ್ಲಿ 8.7 ಅಂತಲೇ ಬರೆ. ಮೇಷ್ಟ್ರು ಕೇಳಿದರೆ ಅಸಿಟೇಟ್ ವಿಷಯ ಹೇಳು. ಹೆದರಿಕೆ ಆದರೆ ರೆಕಾರ್ಡ್ ತೋರಿಸುವ ಹಿಂದಿನ ದಿನ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ