ಹಪ್ಪಳ ಮೆತ್ತಗಾಗಿದ್ದು ಕೊಟ್ಟಿಗೆಯ ಗೋಡೆಯಿಂದ

ಪ್ರೀತಿಯ ಗ್ರಾಹಕರೇ,

ಕಳೆದ ತಿಂಗಳು ಹಲಸಿನ ಹಪ್ಪಳ ತರಿಸಿಕೊಂಡ ಕೆಲವರು ಫೋನ್ ಮಾಡಿ, ಪ್ಯಾಕೆಟ್ ಒಡೆಯುವಾಗಲೇ ಹಪ್ಪಳ ಮೆತ್ತಗಿತ್ತು ಎಂದಿರಿ. ಮಳೆಗಾಲ ಅಲ್ವಾ ಎಂದು ನಾವೂ ಮೊದಲು ಸುಮ್ನಿದ್ದೆವು. ಆದರೆ ಮನೆಯ ಅಟ್ಟದ ಡಬ್ಬದಲ್ಲಿದ್ದ ಅದೇ ಹಪ್ಪಳ ಗರಿಗರಿಯಾಗಿತ್ತು. ಮೆತ್ತಗಾಗಿದ್ದು ಕೊಟ್ಟಿಗೆಯಲ್ಲಿ ಕಟ್ಟಿದ್ದು ಮಾತ್ರ.

ನಿಮಗೆ ಗೊತ್ತಿರುವಂತೆ ನಮ್ಮ ಪ್ಯಾಕಿಂಗ್ ನಡೆಯುವುದು ಶಿರಸಿ ಕಡೆಯ ಒಂದು ಹಳೇ ಕೊಟ್ಟಿಗೆಯಲ್ಲಿ. ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗೋಡೆ, ಮತ್ತಿ ಮರದ ತೊಲೆ, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದಕ್ಕೂ ಮೊದಲು ಈ ಕಡೆ ಕೊಟ್ಟಿಗೆಗೆ ಅಡಿಕೆ ಸೋಗೆ, ಇಲ್ಲವೇ ಹುಲ್ಲು.

ಇಲ್ಲಿ ಕೊಟ್ಟಿಗೆ ಕಟ್ಟುತ್ತಿದ್ದದ್ದು ಹಾಲಿಗಿಂತ ಗೊಬ್ಬರಕ್ಕೆ ಎಂದರೂ ತಪ್ಪಲ್ಲ. ನಮ್ಮ ಕಡೆಯ ಪುಟ್ಟ ತಳಿಯ ಹಸು ಮಲೆನಾಡು ಗಿಡ್ಡ ಕೊಡುವ ಹಾಲು ಎಷ್ಟು ಮಹಾ! ತೋಟಕ್ಕೆ ಗೊಬ್ಬರ ಬೇಕೇ ಬೇಕು. ಬ್ರಿಟಿಷರ ಕಾಲದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟದ್ದೂ ಇದಕ್ಕೇ. ಬೆಟ್ಟದ ಸೊಪ್ಪು, ದರಕು (ಒಣ ಎಲೆ) ತಂದು ದನಗಳ ಕಾಲಡಿ ಹಾಸುವುದು. ಸಗಣಿ, ಗಂಜಲದಲ್ಲಿ ನೆನೆದ ಮೇಲೆ ಗೊಬ್ಬರಗುಂಡಿಗೆ ಎಳೆಯುವುದು. ಹಾಗಾಗಿ ನಮ್ಮ ಕೊಟ್ಟಿಗೆಯ ನೆಲ ಗುಂಡಿಯ ಕಡೆ ಇಳಿಜಾರು, ಬಾಗಿಲು ಅಗಲ, ಗೋಡೆಯಲ್ಲಿ ಗಾಳಿಕಂಡಿ. ಹುಲ್ಲು ಅಟ್ಟದ ಮೇಲೆ; ಅಲ್ಲಿಂದ ನೂಕಿದರೆ ನೇರ ಗೋದಲಿಗೆ ಬೀಳಬೇಕು.

ತಲೆಮಾರುಗಟ್ಟಲೆ ಗಂಜಲ ಕುಡಿದ ಗೋಡೆ ಇದು. ಚಿರೆಕಲ್ಲಿಗೋ ಮೈಯೆಲ್ಲ ತೂತು. ಗಂಜಲ ನಿಧಾನಕ್ಕೆ ನೈಟ್ರೇಟ್ ಉಪ್ಪಾಗಿ ಕಲ್ಲಿನೊಳಗೇ ಉಳಿಯುತ್ತದೆ. ಹಿಂದೆ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣು ತೊಳೆದೇ ತೆಗೆಯುತ್ತಿದ್ದರು. ಈ ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ. ಚೊಕ್ಕ ಕಾಣಲಿ ಎಂದು ನಾವೇ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದೆವು, ಗಾಳಿಕಂಡಿ ಮುಚ್ಚಿಸಿದೆವು. ತೇವ ಹೋಗಲು ದಾರಿ ಇಲ್ಲದೆ ಈಗ ಗಾರೆ ಉಬ್ಬಿ ಉದುರುತ್ತಿದೆ, ಒಳಗೆ ಕಟ್ಟಿದ ಹಪ್ಪಳವೂ ಮೆತ್ತಗಾಗಿದೆ. ತಪ್ಪು ನಮ್ಮದೇ.

ಹಾಗಾಗಿ ಇನ್ನು ಮುಂದೆ ಹಪ್ಪಳ, ಸಂಡಿಗೆ ಕಟ್ಟುವುದು ಮನೆಯ ಅಟ್ಟದ ಕೋಣೆಯಲ್ಲಿ. ಜಾಗ ಚಿಕ್ಕದು. ಪಾರ್ಸೆಲ್ ವಾರಕ್ಕೆ ಎರಡು ಸಲದ ಬದಲು ಗುರುವಾರ ಮಾತ್ರ ಹೊರಡುತ್ತದೆ. ಮಿಡಿ ಉಪ್ಪಿನಕಾಯಿ ಭರಣಿಗಳು ಕೊಟ್ಟಿಗೆಯಲ್ಲೇ ಇರುತ್ತವೆ, ಅವಕ್ಕೆ ತೊಂದರೆಯಿಲ್ಲ. ರೇಟು ಹಳೇದೇ.

ಕೊಟ್ಟಿಗೆ ಕೆಡವಿ ಶೀಟಿನ ಶೆಡ್ ಹಾಕೋಣ ಎಂಬ ಮಾತೂ ಸಂಘದ ಸಭೆಯಲ್ಲಿ ಬಂತು. ಏಪ್ರಿಲ್ ಬಿಸಿಲಲ್ಲಿ ಶೀಟಿನ ಕೆಳಗೆ ಕೂತು ಹಪ್ಪಳ ಕಟ್ಟುವವರು ಯಾರು ಎಂದು ನಮ್ಮ ಅಕ್ಕಂದಿರು ಕೇಳಿದರು. ಮಾತು ಅಲ್ಲಿಗೇ ನಿಂತಿತು. ಮಳೆ ಮುಗಿದ ಮೇಲೆ ಸಿಮೆಂಟ್ ಕೆತ್ತಿ ತೆಗೆಸುತ್ತೇವೆ. ಗೋಡೆಗೆ ಒದ್ದೆ ಜೇಡಿಮಣ್ಣು ಮೆತ್ತಿ, ಒಣಗಿದ ಮೇಲೆ ಕೆರೆಯಬೇಕು. ಉಪ್ಪು ಅದರ ಜೊತೆ ಬರುತ್ತದೆ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಆಮೇಲೆ ಸುಣ್ಣದ ಗಾರೆ. ಗಾಳಿಕಂಡಿಗಳನ್ನೂ ತೆರೆಯುತ್ತೇವೆ.

ಮೆತ್ತಗಿನ ಹಪ್ಪಳ ಸಿಕ್ಕವರು ಒಂದು ಫೋನ್ ಮಾಡಿ. ಮುಂದಿನ ಗುರುವಾರ ಬೇರೆ ಕಳಿಸುತ್ತೇವೆ. ಹಳೇದನ್ನು ವಾಪಸ್ ಕಳಿಸಬೇಡಿ. ಬೂಸ್ಟು ಬಂದಿಲ್ಲದಿದ್ದರೆ ಬಿಸಿಲಿಗೆ ಹಾಕಿ ಕರಿದುಕೊಳ್ಳಿ.

ಇಂತಿ,
ಸಂಘದ ಎಲ್ಲರ ಪರವಾಗಿ